ಉಲುರುಗೆ ಲಾಂಗ್ ವೀಕೆಂಡ್: ನೇರ ವಿಮಾನವಾ, ಆಲಿಸ್ ಸ್ಪ್ರಿಂಗ್ಸ್ ರಸ್ತೆಯಾ?

ಸಿಡ್ನಿ, ಮೆಲ್ಬರ್ನ್ ಕಡೆ ಇರುವ ಕನ್ನಡದವರ ಮನೆಗೆ ಊರಿಂದ ಅಪ್ಪ ಅಮ್ಮ ಬಂದರೆ ಒಪೆರಾ ಹೌಸ್, ಬ್ಲೂ ಮೌಂಟನ್ಸ್, ಗ್ರೇಟ್ ಓಷನ್ ರೋಡ್ ಎಲ್ಲ ಮುಗಿದ ಮೇಲೆ ಈ ಮಾತು ಬಂದೇ ಬರುತ್ತದೆ: "ಆ ಕೆಂಪು ಬಂಡೆ ಇದ್ಯಲ್ಲ, ಅಲ್ಲಿಗೆ ಹೋಗೋಣ್ವಾ?" ಅದೇ ಉಲುರು. ಆಸ್ಟ್ರೇಲಿಯಾದ ನಡುಮಧ್ಯದ ಮರುಭೂಮಿಯಲ್ಲಿ 348 ಮೀಟರ್ ಎತ್ತರಕ್ಕೆ ಎದ್ದು ನಿಂತಿದೆ. ಸುತ್ತಳತೆ 9.4 ಕಿಲೋಮೀಟರ್. ಹೋಗೋಣ ಅಂತ ತೀರ್ಮಾನ ಆಗೋದು ಸುಲಭ. ಆಮೇಲೆ ಶುರುವಾಗುತ್ತದೆ ಗೊಂದಲ. ನೇರ ವಿಮಾನದಲ್ಲಿ ಹೋಗೋದಾ, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಇಳಿದು ಕಾರು ತಗೊಳ್ಳೋದಾ, ಟೂರ್ ಬಸ್ಸಾ? ಈಸ್ಟರ್‌ಗಾ, ಜೂನ್‌ಗಾ?

ನಾನು ಎರಡು ಸಲ ಹೋಗಿ ಬಂದಿದ್ದೇನೆ. ಒಂದು ಸಲ ಈಸ್ಟರ್ ರಜೆಯಲ್ಲಿ, ಮೂವರು ಗೆಳೆಯರ ಜೊತೆ, ರಸ್ತೆಯಲ್ಲಿ. ಇನ್ನೊಂದು ಸಲ ಜೂನ್‌ನಲ್ಲಿ, ಶಿವಮೊಗ್ಗದಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ, ನೇರ ವಿಮಾನದಲ್ಲಿ. ಮೊದಲ ಸಲ ಸಾವಿರದ ಇನ್ನೂರು ಕಿಲೋಮೀಟರ್ ಕಾರು ಓಡಿಸಿ, ಬಂಡೆಯ ಬುಡದಲ್ಲಿ ಕಳೆದದ್ದು ಐದು ಗಂಟೆಯೂ ಇಲ್ಲ. ಎರಡನೇ ಸಲ ಎರಡು ದಿನಕ್ಕೂ ಜಾಸ್ತಿ ಅಲ್ಲೇ ಇದ್ದೆವು. ಹಾಗಾಗಿ ಯಾರು ಕೇಳಿದರೂ ನಾನು ಒಂದೇ ಲೆಕ್ಕ ಹಾಕಿ ಹೇಳುತ್ತೇನೆ: ನೀವು ಆರಿಸುವ ದಾರಿಯಲ್ಲಿ ಬಂಡೆಯ ಹತ್ತಿರ ಇರೋಕೆ ಎಷ್ಟು ಹೊತ್ತು ಸಿಗುತ್ತದೆ?

ಹೋಗುವ ದಾರಿ

ನೇರ ವಿಮಾನ ಸುಲಭದ ದಾರಿ. ಸಿಡ್ನಿ, ಮೆಲ್ಬರ್ನ್‌ನಿಂದ ಏರ್ಸ್ ರಾಕ್ ವಿಮಾನ ನಿಲ್ದಾಣಕ್ಕೆ ಸುಮಾರು ಮೂರರಿಂದ ಮೂರೂವರೆ ಗಂಟೆ. (ಬಂಡೆಗೆ ಆ ಇಂಗ್ಲಿಷ್ ಹೆಸರು ಇಟ್ಟವನು ವಿಲಿಯಂ ಗಾಸ್ ಎಂಬ ಸರ್ವೇಯರ್, 1873ರಲ್ಲಿ. ಉಲುರು ಅನ್ನೋದೇ ಅಲ್ಲಿನ ಮೂಲ ಹೆಸರು. ವಿಮಾನ ನಿಲ್ದಾಣ ಮಾತ್ರ ಇನ್ನೂ ಹಳೇ ಹೆಸರಲ್ಲೇ ಇದೆ.) ಇಳಿದ ಮೇಲೆ ಯುಲಾರ ಅನ್ನುವ ಪುಟ್ಟ ಊರಿಗೆ ಹತ್ತೇ ನಿಮಿಷ. ಅಲ್ಲಿ ರೂಮ್ ಮಾಡಿದವರಿಗೆ ಬಸ್ ಉಚಿತ. ಯುಲಾರದಿಂದ ಬಂಡೆಗೆ ಸುಮಾರು 20 ಕಿಲೋಮೀಟರ್. ಮಧ್ಯಾಹ್ನ ಇಳಿದರೆ ಅವತ್ತಿನ ಸೂರ್ಯಾಸ್ತ ಆರಾಮಾಗಿ ನೋಡಬಹುದು. ಟಿಕೆಟ್ ದರ ಮಾತ್ರ ಜಾಸ್ತಿ. ಲಾಂಗ್ ವೀಕೆಂಡ್‌ಗೆ ಇನ್ನೂ ಜಾಸ್ತಿ.

ಆಲಿಸ್ ಸ್ಪ್ರಿಂಗ್ಸ್ ದಾರಿ ಭೂಪಟದಲ್ಲಿ ನೋಡಿದರೆ ಹತ್ತಿರ ಅನಿಸುತ್ತದೆ. ನಿಜಕ್ಕೂ ಅಲ್ಲಿಂದ ಯುಲಾರಕ್ಕೆ 450 ಕಿಲೋಮೀಟರ್, ಐದು ಗಂಟೆ. ಸ್ಟುವರ್ಟ್ ಹೈವೇಯಲ್ಲಿ 200 ಕಿಲೋಮೀಟರ್ ದಕ್ಷಿಣಕ್ಕೆ ಬಂದರೆ ಎರ್ಲ್‌ಡುಂಡ. ಅಲ್ಲಿ ಬಲಕ್ಕೆ ತಿರುಗಿ ಲಾಸಿಟರ್ ಹೈವೇ ಹಿಡಿಯಬೇಕು. ರಸ್ತೆ ಪೂರ್ತಿ ಟಾರು, ಸಾಮಾನ್ಯ ಕಾರು ಸಾಕು. ಎರಡೂ ಕಡೆ ಕೆಂಪು ಮಣ್ಣು, ಮುಳ್ಳು ಹುಲ್ಲಿನ ಗುಪ್ಪೆಗಳು, ಎದುರಿಗೆ ಆಗಾಗ ಮೂರು ನಾಲ್ಕು ಟ್ರೇಲರ್ ಎಳೆದುಕೊಂಡು ಬರುವ ರೋಡ್ ಟ್ರೈನ್ ಅನ್ನುವ ಲಾರಿ. ಆ ವಿಸ್ತಾರ ಅನುಭವಿಸಬೇಕು ಅನ್ನುವವರಿಗೆ ಈ ದಾರಿಯೇ ಸರಿ. ನನಗೂ ಇಷ್ಟವಾಯಿತು, ಸುಳ್ಳು ಹೇಳಲ್ಲ. ಆದರೆ ನಮಗೆ ಆದದ್ದು ಕೇಳಿ.

ಮಧ್ಯಾಹ್ನ ಒಂದಕ್ಕೆ ಆಲಿಸ್‌ನಲ್ಲಿ ಇಳಿದೆವು. ಕಾರಿನ ಕೌಂಟರಿನಲ್ಲಿ ಉದ್ದ ಸಾಲು. ನೀರು, ತಿಂಡಿ ತಗೊಂಡು ಹೊರಡುವಾಗ ಮೂರು ದಾಟಿತ್ತು. ಕೀ ಕೊಡುವಾಗ ಅಲ್ಲಿದ್ದಾಕೆ ಒಪ್ಪಂದದ ಒಂದು ಸಾಲಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು ತೋರಿಸಿದಳು: ಊರ ಹೊರಗೆ ಕತ್ತಲಾದ ಮೇಲೆ ಗಾಡಿ ಓಡಿಸಿದರೆ ವಿಮೆ ಇಲ್ಲ. ಕಾರಣ ಇದೆ. ಮುಸ್ಸಂಜೆ ಹೊತ್ತಿಗೆ ಕಾಂಗರೂಗಳು ರಸ್ತೆಗೆ ಬರುತ್ತವೆ. ದನ, ಕಾಡು ಒಂಟೆ ಕೂಡ ಅಡ್ಡ ಬರಬಹುದು. ನಾವು ಎರ್ಲ್‌ಡುಂಡ ತಲುಪುವಾಗ ಐದು ಗಂಟೆ, ಇನ್ನೂ ಎರಡೂವರೆ ಗಂಟೆ ದಾರಿ. ಅಲ್ಲಿನ ರೋಡ್‌ಹೌಸ್‌ನಲ್ಲೇ ರಾತ್ರಿ ಉಳಿದೆವು. ಯುಲಾರದಲ್ಲಿ ಮುಂಗಡ ಕೊಟ್ಟಿದ್ದ ರೂಮಿನ ದುಡ್ಡು ಹೋಯಿತು, ಮೊದಲ ಸೂರ್ಯಾಸ್ತವೂ ಹೋಯಿತು.

ಮಾರನೇ ದಿನ ಇನ್ನೊಂದು. ದೂರದಲ್ಲಿ ಎಡಗಡೆ ದೊಡ್ಡ ಕೆಂಪು ಬೆಟ್ಟ ಕಂಡಿತು. ನಾಲ್ಕೂ ಜನ ಕಾರಿಂದ ಇಳಿದು ಫೋಟೋ ಮೇಲೆ ಫೋಟೋ ತೆಗೆದೆವು. ಅದು ಉಲುರು ಆಗಿರಲಿಲ್ಲ, ಮೌಂಟ್ ಕಾನರ್. ತಲೆ ಚಪ್ಪಟೆ ಇದ್ದರೆ ಕಾನರ್, ದುಂಡಗಿದ್ದರೆ ಉಲುರು ಅಂತ ನೆನಪಿಡಿ. ಆ ರಸ್ತೆಯಲ್ಲಿ ಬರುವ ಬಹಳ ಜನ ಹೀಗೇ ಮೋಸ ಹೋಗುತ್ತಾರೆ.

ರಸ್ತೆಯಲ್ಲೇ ಹೋಗಬೇಕು ಅಂತಿದ್ದರೆ ನಾಲ್ಕು ದಿನ ಇರಲೇಬೇಕು. ಬೆಳಗಿನ ವಿಮಾನದಲ್ಲಿ ಆಲಿಸ್ ಮುಟ್ಟಿ, ಹನ್ನೊಂದರ ಒಳಗೆ ಹೊರಟುಬಿಡಿ. ಪೆಟ್ರೋಲ್ ಬಂಕ್ ಕಂಡಲ್ಲೆಲ್ಲ ತುಂಬಿಸಿ. ಬಹುಪಾಲು ದಾರಿಯಲ್ಲಿ ಮೊಬೈಲ್ ಸಿಗ್ನಲ್ ಇರಲ್ಲ, ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಬಾಡಿಗೆ ಕಾರಿಗೆ ದಿನಕ್ಕೆ ಎಷ್ಟು ಕಿಲೋಮೀಟರ್ ಉಚಿತ ಅಂತ ಓದಿಯೇ ಸಹಿ ಹಾಕಿ.

ಮೂರನೆಯದು, ಆಲಿಸ್‌ನಿಂದ ಹೊರಡುವ ಮೂರು ದಿನದ ಕ್ಯಾಂಪಿಂಗ್ ಟೂರ್. ಬೆಳಿಗ್ಗೆ ಬೇಗ ಕರೆದುಕೊಂಡು ಹೋಗುತ್ತಾರೆ. ರಾತ್ರಿ ಸ್ವ್ಯಾಗ್ ಅನ್ನುವ ದಪ್ಪ ಕ್ಯಾನ್ವಾಸ್ ಹಾಸಿಗೆಯೊಳಗೆ ತೂರಿಕೊಂಡು ಆಕಾಶದ ಕೆಳಗೇ ನಿದ್ದೆ. ಉಲುರು, ಕಾಟ ಜುಟ ಅನ್ನುವ ಗುಮ್ಮಟದಂಥ ಬಂಡೆಗಳು, ಕಿಂಗ್ಸ್ ಕ್ಯಾನ್ಯನ್ ಅನ್ನುವ ಕಣಿವೆ ಮೂರೂ ಆಗುತ್ತದೆ. ಒಬ್ಬರೇ ಇರುವ ವಿದ್ಯಾರ್ಥಿಗಳಿಗೆ, ಲೈಸೆನ್ಸ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸಸ್ಯಾಹಾರಿ ಅಂತ ಬುಕ್ ಮಾಡುವಾಗಲೇ ಬರೆಸಿ. ಅಪ್ಪ ಅಮ್ಮ, ಚಿಕ್ಕ ಮಕ್ಕಳು ಜೊತೆಗಿದ್ದರೆ ಬೇಡ.

ಆಲಿಸ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುವ ಬಸ್ ಕೂಡ ಇದೆ. ಬೆಳಿಗ್ಗೆ ಆರಕ್ಕೆ ಹೊರಟು ವಾಪಸ್ ಬರುವಾಗ ಮಧ್ಯರಾತ್ರಿ. ದಯವಿಟ್ಟು ಹೋಗಬೇಡಿ.

ಯಾವ ರಜೆಗೆ?

ಈ ಪ್ರಶ್ನೆಗೆ ಜಾಸ್ತಿ ಯೋಚನೆ ಬೇಕಿಲ್ಲ. ಜನವರಿ 26ರ ಆಸ್ಟ್ರೇಲಿಯಾ ಡೇ ರಜೆ ಬಿಟ್ಟುಬಿಡಿ. ಆಗ ಹಗಲು 38 ಡಿಗ್ರಿ ಸಾಮಾನ್ಯ, 40 ದಾಟುವ ದಿನಗಳೂ ಇವೆ. ಬಿಸಿಲು ಹೆಚ್ಚಾದ ದಿನ ಕೆಲವು ಕಾಲುದಾರಿಗಳನ್ನು ಮುಚ್ಚಿಯೇ ಬಿಡುತ್ತಾರೆ. ಈಸ್ಟರ್‌ಗೆ ನಾಲ್ಕು ದಿನ ಸಿಗುತ್ತದೆ, ಹಗಲು 30ರ ಆಸುಪಾಸು, ಆದರೆ ನೊಣಗಳ ಕಾಟ ವಿಪರೀತ. ಮಾತಾಡೋಕೆ ಬಾಯಿ ತೆರೆದರೆ ಒಳಗೇ ಬರುತ್ತವೆ. ಮುಖಕ್ಕೆ ಹಾಕುವ ಬಲೆ ತಗೊಳ್ಳಲೇಬೇಕು. ಅಕ್ಟೋಬರ್ ಮೊದಲ ಸೋಮವಾರದ ರಜೆಯೂ ಸುಮಾರು ಹೀಗೇ.

ನನ್ನ ಆಯ್ಕೆ ಜೂನ್ ಎರಡನೇ ಸೋಮವಾರದ ರಜೆ. ಹಗಲು 20 ಡಿಗ್ರಿ, ನಡೆಯೋಕೆ ಹಿತ. ರಾತ್ರಿ ಚಳಿ ಜೋರು, ಕೆಲವೊಮ್ಮೆ ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಸ್ವೆಟರ್, ಕುಲಾವಿ, ಕಾಲುಚೀಲ ಬೇಕೇ ಬೇಕು. ಮರುಭೂಮಿ ಅಂದಮೇಲೆ ಸೆಕೆ ಇರುತ್ತದೆ ಅಂತ ಅಮ್ಮ ಬರೀ ಹತ್ತಿ ಸೀರೆ ತುಂಬಿದ್ದರು, ನಾನೇ ಪೆಟ್ಟಿಗೆ ಬಿಚ್ಚಿ ಶಾಲು ಸೇರಿಸಿದೆ. ಇನ್ನೊಂದು ಅನುಕೂಲ: ಜೂನ್‌ನಲ್ಲಿ ಸೂರ್ಯ ಹುಟ್ಟುವುದು ಏಳೂವರೆ ಹೊತ್ತಿಗೆ. ವಯಸ್ಸಾದವರನ್ನು ನಾಲ್ಕು ಗಂಟೆಗೆ ಎಬ್ಬಿಸಬೇಕಿಲ್ಲ.

ಶನಿವಾರದಿಂದ ಸೋಮವಾರದವರೆಗೆ ಮೂರು ದಿನ, ಎರಡು ರಾತ್ರಿ. ನೇರ ವಿಮಾನಕ್ಕೆ ಇಷ್ಟು ಸಾಕು. ಒಂದು ದಿನ ರಜೆ ಸೇರಿಸಿಕೊಂಡು ಮೂರು ರಾತ್ರಿ ಮಾಡಿದರೆ ಇನ್ನೂ ಚೆನ್ನ. ಬಂಡೆ ಇರುವುದು ನ್ಯಾಷನಲ್ ಪಾರ್ಕ್ ಒಳಗೆ, ಆ ಪಾರ್ಕ್ ಟಿಕೆಟ್ ಮೂರು ದಿನಕ್ಕೆ ನಡೆಯುತ್ತದೆ. ನಾವು ಹೋದಾಗ ದೊಡ್ಡವರಿಗೆ 38 ಡಾಲರ್ ಇತ್ತು, 18ರ ಒಳಗಿನ ಮಕ್ಕಳಿಗೆ ಉಚಿತ.

ಹೋಟೆಲ್, ಅಪಾರ್ಟ್‌ಮೆಂಟ್, ಟೆಂಟು

ಪಾರ್ಕ್ ಒಳಗೆ ಯಾರಿಗೂ ಉಳಿಯೋಕೆ ಬಿಡಲ್ಲ. ಎಲ್ಲರೂ ಯುಲಾರದಲ್ಲೇ ಉಳಿಯಬೇಕು. ಅಲ್ಲಿನ ಹೋಟೆಲ್‌ಗಳಿಂದ ಹಿಡಿದು ಟೆಂಟು ಹಾಕುವ ಜಾಗದವರೆಗೆ ಎಲ್ಲ ಒಂದೇ ರೆಸಾರ್ಟಿನದು, ಹಾಗಾಗಿ ಚೌಕಾಸಿಗೆ ಜಾಗವಿಲ್ಲ. ನಮ್ಮ ಊಟ ಬೇಕು ಅನ್ನುವವರು ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹುಡುಕಿ. ನಾಲ್ಕು ಜನರಿಗೆ ಅದು ಎರಡು ಹೋಟೆಲ್ ರೂಮಿಗಿಂತ ಲಾಭ. ಕ್ಯಾಂಪ್‌ಗ್ರೌಂಡ್‌ನಲ್ಲಿ ಕೂಡ ಎಲ್ಲರಿಗೂ ಸೇರಿದ ಅಡುಗೆ ಜಾಗ ಇದೆ. ಊರಲ್ಲಿ ಒಂದು ಸೂಪರ್ ಮಾರ್ಕೆಟ್ ಇದೆ, ಅಕ್ಕಿ, ಮೊಸರು, ತರಕಾರಿ ಸಿಗುತ್ತದೆ. ನಾವು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಮನೆಯಿಂದಲೇ ಒಯ್ದಿದ್ದೆವು. ಮೂರು ದಿನದಲ್ಲಿ ಹೊರಗೆ ಊಟ ಮಾಡಿದ್ದು ಒಂದೇ ಸಲ.

ಊಟದ ಮಾತು ಬಂದಾಗ ಒಂದು ಖುಷಿಯ ವಿಷಯ ಹೇಳಬೇಕು. ಅಲ್ಲಿನ ಮೂಲ ನಿವಾಸಿಗಳು ಅನಂಗು ಜನ. ಅವರ ಪಿಟ್ಜಂಜರಾ ಮಾತಿನಲ್ಲಿ "ಪಲ್ಯ" ಅಂದರೆ ನಮಸ್ಕಾರ, ಚೆನ್ನಾಗಿದೆ, ಸರಿ, ಎಲ್ಲವೂ. ಪಾರ್ಕ್ ಒಳಗಿನ ಕಲ್ಚರಲ್ ಸೆಂಟರ್‌ನಲ್ಲಿ ಒಬ್ಬ ಹೆಂಗಸು ಅಮ್ಮನಿಗೆ "ಪಲ್ಯ!" ಅಂದರು. ಅಮ್ಮ ನನ್ನ ಮುಖ ನೋಡಿದರು. "ಊಟ ಆಯ್ತಾ ಅಂತ ಕೇಳ್ತಿದ್ದಾರಾ?" ಅರ್ಥ ಹೇಳಿದ ಮೇಲೆ ವಾಪಸ್ ಬರುವವರೆಗೂ ಅಮ್ಮ ಸಿಕ್ಕವರಿಗೆಲ್ಲ ಪಲ್ಯ ಹೇಳಿದರು. ಈ ಸೆಂಟರ್ ಬಂಡೆ ನೋಡುವ ಮೊದಲೇ ನೋಡಿ, ಆಮೇಲೆ ಅಲ್ಲ.

ಹತ್ತುವುದಾ, ಸುತ್ತುವುದಾ?

ಬೆಟ್ಟ ಕಂಡರೆ ಹತ್ತಬೇಕು ಅನ್ನೋದು ನಮ್ಮ ರಕ್ತದಲ್ಲೇ ಇದೆ. ಮಧುಗಿರಿ, ಸಾವನದುರ್ಗ ಹತ್ತಿದವರಿಗೆ ಉಲುರು ಕೂಡ ಹಾಗೇ ಕಾಣುತ್ತದೆ. ಅಪ್ಪನೂ ಕೇಳಿದರು, "ಇಷ್ಟು ದೂರ ಬಂದು ಹತ್ತದೇ ಹೋಗೋದಾ?" ಈಗ ಹತ್ತುವ ಹಾಗಿಲ್ಲ. 2019ರ ಅಕ್ಟೋಬರ್ 26ರಿಂದ ಪೂರ್ತಿ ನಿಷೇಧ. ಆ ತಾರೀಕಿಗೂ ಅರ್ಥ ಇದೆ. 1985ರಲ್ಲಿ ಅದೇ ದಿನ ಸರ್ಕಾರ ಈ ನೆಲವನ್ನು ಅನಂಗು ಜನರಿಗೆ ಮರಳಿ ಕೊಟ್ಟಿತ್ತು. ಅವರು ಮೊದಲಿಂದಲೂ ಹತ್ತಬೇಡಿ ಅಂತ ಕೇಳುತ್ತಲೇ ಇದ್ದರು. ಅದು ಅವರಿಗೆ ಪವಿತ್ರ ಜಾಗ. ಅಲ್ಲದೆ ಹತ್ತಲು ಹೋಗಿ 30ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಲಕ್ಷಾಂತರ ಕಾಲು ಸವೆಸಿದ ಬಿಳಿ ಗೆರೆ ಮಾಲ ಪಾರ್ಕಿಂಗ್ ಹತ್ತಿರ ಬಂಡೆಯ ಮೈಮೇಲೆ ಇನ್ನೂ ಕಾಣುತ್ತದೆ. ಅದನ್ನು ತೋರಿಸಿ ಇಷ್ಟೆಲ್ಲ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ನಿಂತರು. ಆಮೇಲೆ, "ಹಂಗಾದ್ರೆ ಪ್ರದಕ್ಷಿಣೆ ಹಾಕೋಣ ಬಿಡು" ಅಂದರು.

ಸುತ್ತಲಿನ ದಾರಿ 10.6 ಕಿಲೋಮೀಟರ್. ಸಮತಟ್ಟು, ಮೂರೂವರೆ ಗಂಟೆ ಬೇಕು. ಬೆಳಿಗ್ಗೆಯೇ ಮಾಲ ಪಾರ್ಕಿಂಗ್‌ನಿಂದ ಶುರು ಮಾಡಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ನಡೆಯಿರಿ ಅಂತ ಪಾರ್ಕಿನವರೇ ಹೇಳುತ್ತಾರೆ. ನಮ್ಮ ಪ್ರದಕ್ಷಿಣೆಯ ದಿಕ್ಕೂ ಅದೇ ಅಲ್ವಾ! ಬೇಸಿಗೆಯಲ್ಲಾದರೆ ಗಂಟೆಗೆ ಒಬ್ಬರಿಗೆ ಒಂದು ಲೀಟರ್ ನೀರು ಲೆಕ್ಕ ಹಾಕಿ.

ಮಂಡಿನೋವು ಇರುವವರಿಗೆ ಪೂರ್ತಿ ಸುತ್ತು ಬೇಡ. ಎರಡು ತುಂಡು ಸಾಕು. ಒಂದು ಮಾಲ ದಾರಿ, ಹೋಗಿ ಬರೋಕೆ 2 ಕಿಲೋಮೀಟರ್. ಇನ್ನೊಂದು ಕುನಿಯ ದಾರಿ, ಹೋಗಿ ಬರೋಕೆ 1 ಕಿಲೋಮೀಟರ್, ವೀಲ್‌ಚೇರ್ ಕೂಡ ಹೋಗುತ್ತದೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಮತ ಕುನಿಯಕ್ಕೆ. ದಾರಿಯ ಕೊನೆಗೆ ಮುಟಿಜುಲು ಅನ್ನುವ ನೀರಿನ ಗುಂಡಿ. ಸುತ್ತ ಮರಗಳು, ತಂಪು, ಹಕ್ಕಿ ಸದ್ದು. ದೂರದಿಂದ ನುಣ್ಣಗೆ ಕಾಣುವ ಬಂಡೆ ಹತ್ತಿರ ಹೋದರೆ ಮೀನಿನ ಹುರುಪೆಯ ಹಾಗೆ ಚಕ್ಕೆ ಚಕ್ಕೆಯಾಗಿದೆ. ಇದು ನಮ್ಮ ಸಾವನದುರ್ಗದ ಗ್ರಾನೈಟ್ ಅಲ್ಲ, ಆರ್ಕೋಸ್ ಎಂಬ ಮರಳುಗಲ್ಲು. ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಈ ಕೆಂಪು ಬಂದಿದೆ. ಗುಹೆಯೊಳಗೆ ಬಗ್ಗಿ ನೋಡಿದರೆ ಕಲ್ಲಿನ ನಿಜವಾದ ಬೂದು ಬಣ್ಣ ಕಾಣುತ್ತದೆ. ಮಳೆ ನೀರು ಹರಿದ ಜಾಗದಲ್ಲೆಲ್ಲ ಮೇಲಿಂದ ಕೆಳಗೆ ಕಪ್ಪು ಪಟ್ಟಿಗಳು.

ಅಲ್ಲೇ ಒಂದು ಫಲಕದಲ್ಲಿ ಕಥೆ ಬರೆದಿದ್ದಾರೆ. ಕುನಿಯ ಅನ್ನುವ ಹೆಣ್ಣು ಹೆಬ್ಬಾವು ತನ್ನ ಸೋದರಳಿಯನ ಸಾವಿಗೆ ಲಿರು ಎಂಬ ವಿಷದ ಹಾವಿನ ಮೇಲೆ ಸೇಡು ತೀರಿಸಿಕೊಂಡಳು. ಅವಳು ಕೊಟ್ಟ ಪೆಟ್ಟುಗಳೇ ಬಂಡೆಯ ಮೇಲಿನ ಸೀಳುಗಳು. ನಾನು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ, ಅಮ್ಮ ಆ ಸೀಳುಗಳನ್ನೇ ನೋಡುತ್ತಿದ್ದರು. "ನಮ್ಮಲ್ಲಿ ಸ್ಥಳಪುರಾಣ ಅಂತೀವಲ್ಲ, ಹಂಗೇ" ಅಂದರು. ಆಮೇಲೆ ಚಪ್ಪಲಿ ಬಿಟ್ಟು ಒಂದು ನಿಮಿಷ ಕೈಮುಗಿದು ನಿಂತರು. ಮೊದಲ ಸಲ ಬಂದಾಗ ನಾವು ಗೆಳೆಯರು ಇದೇ ಜಾಗವನ್ನು ಹತ್ತು ನಿಮಿಷದಲ್ಲಿ ಮುಗಿಸಿ ಕಾರು ಹತ್ತಿದ್ದೆವು.

ಕೆಲವು ಜಾಗಗಳಲ್ಲಿ ಫೋಟೋ ತೆಗೆಯಬೇಡಿ ಅಂತ ಫಲಕ ಇರುತ್ತದೆ. ಯಾರೂ ನೋಡದಿದ್ದರೂ ಪಾಲಿಸಿ. ನೆನಪಿಗೆ ಅಂತ ಕಲ್ಲು, ಮರಳು ಜೇಬಿಗೆ ಹಾಕಿಕೊಳ್ಳಬೇಡಿ. ಹಾಗೆ ಒಯ್ದವರು ವರ್ಷಗಳ ಮೇಲೆ ಕ್ಷಮೆ ಕೇಳಿ ಪೋಸ್ಟ್‌ನಲ್ಲಿ ವಾಪಸ್ ಕಳಿಸಿದ ಕಲ್ಲುಗಳು ಪಾರ್ಕಿನವರ ಹತ್ತಿರ ರಾಶಿ ಇವೆ.

ಸೂರ್ಯೋದಯವಾ, ಸೂರ್ಯಾಸ್ತವಾ?

ಎರಡೂ ನೋಡಿ ಅನ್ನೋದು ಸುಲಭ. ಒಂದೇ ಸಾಧ್ಯ ಅಂತಾದರೆ ಸೂರ್ಯಾಸ್ತ. ಕಾರು ನಿಲ್ಲಿಸುವ ಜಾಗದಿಂದಲೇ ಕಾಣುತ್ತದೆ, ಕುರ್ಚಿ ಹಾಕಿಕೊಂಡು, ಫ್ಲಾಸ್ಕ್‌ನಲ್ಲಿ ಕಾಫಿ ಇಟ್ಟುಕೊಂಡು ಕೂರಬಹುದು. ಸುಮಾರು ಮುಕ್ಕಾಲು ಗಂಟೆ ಬಂಡೆಯ ಬಣ್ಣ ಬದಲಾಗುತ್ತಲೇ ಇರುತ್ತದೆ. ಮೊದಲು ಹಸಿ ಇಟ್ಟಿಗೆ, ಆಮೇಲೆ ಒಲೆಯ ಕೆಂಡ, ಕೊನೆಗೆ ನೇರಳೆ ಹಣ್ಣು. ಸೂರ್ಯ ಮುಳುಗಿದ ತಕ್ಷಣ ಅರ್ಧ ಜನ ಹೊರಟುಬಿಡುತ್ತಾರೆ. ನೀವು ಇನ್ನೂ ಹತ್ತು ನಿಮಿಷ ಕೂತಿರಿ, ಆದರೆ ಪಾರ್ಕ್ ಮುಚ್ಚುವ ಹೊತ್ತು ನೆನಪಿರಲಿ.

ಕಾಟ ಜುಟವಾ, ಕಿಂಗ್ಸ್ ಕ್ಯಾನ್ಯನ್ನಾ?

ಕಿಂಗ್ಸ್ ಕ್ಯಾನ್ಯನ್ ಅದ್ಭುತ ಜಾಗ. ಅಂಚಿನ ಮೇಲಿನ 6 ಕಿಲೋಮೀಟರ್ ನಡಿಗೆಯನ್ನು ನಾನು ಮರೆಯಲ್ಲ. ಆದರೆ ಶುರುವಿನಲ್ಲೇ ಕಡಿದಾದ ಮೆಟ್ಟಿಲು, ಯುಲಾರದಿಂದ 300 ಕಿಲೋಮೀಟರ್ ದೂರ. ಮೂರು ದಿನದ ಪ್ರವಾಸದಲ್ಲಿ ಅದನ್ನು ಸೇರಿಸಿದರೆ ಒಂದು ಪೂರ್ತಿ ದಿನ ಅದಕ್ಕೇ ಹೋಗುತ್ತದೆ. ಆಲಿಸ್ ರಸ್ತೆಯಲ್ಲಿ ಬಂದವರು ವಾಪಸ್ ಹೋಗುವಾಗ ನೋಡಲಿ.

ಕಾಟ ಜುಟ ಹಾಗಲ್ಲ. ಯುಲಾರದಿಂದ 50 ಕಿಲೋಮೀಟರ್, ಅದೇ ಪಾರ್ಕ್, ಅದೇ ಟಿಕೆಟ್. ಹೆಸರಿನ ಅರ್ಥ "ಅನೇಕ ತಲೆಗಳು". 36 ಗುಮ್ಮಟಗಳು ಒತ್ತಾಗಿ ನಿಂತಿವೆ. ಅದರಲ್ಲಿ ಎತ್ತರದ್ದು ಉಲುರುಗಿಂತ ಸುಮಾರು 200 ಮೀಟರ್ ಎತ್ತರ. ವಾಲ್ಪ ಕಣಿವೆಯ ದಾರಿ 2.6 ಕಿಲೋಮೀಟರ್, ಸ್ವಲ್ಪ ಕಲ್ಲುಗಳಿವೆ, ಆದರೆ ಅಮ್ಮನೂ ನಿಧಾನವಾಗಿ ನಡೆದರು. ಕಾಲು ಗಟ್ಟಿ ಇದ್ದವರಿಗೆ ಗಾಳಿ ಕಣಿವೆಯ 7.4 ಕಿಲೋಮೀಟರ್ ಸುತ್ತು ಇದೆ. ಅದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ.

ಸಂಜೆಯ ಪ್ರದರ್ಶನಗಳು ದುಬಾರಿ. 50,000 ದೀಪಗಳನ್ನು ಮರಳಲ್ಲಿ ನೆಟ್ಟಿರುವ ಫೀಲ್ಡ್ ಆಫ್ ಲೈಟ್ 2016ರಿಂದ ಇದೆ. ಮಕ್ಕಳಿದ್ದರೆ ಅದು ಇಷ್ಟವಾಗುತ್ತದೆ. ಡ್ರೋನ್‌ಗಳನ್ನು ಹಾರಿಸಿ ಅನಂಗು ಕಥೆ ಹೇಳುವ ಪ್ರದರ್ಶನ 2023ರಲ್ಲಿ ಶುರುವಾಯಿತು. ನಾವು ಎರಡಕ್ಕೂ ಹೋಗಲಿಲ್ಲ. ರಾತ್ರಿ ಊಟವಾದ ಮೇಲೆ ದೀಪಗಳಿಂದ ಸ್ವಲ್ಪ ದೂರ ನಡೆದು, ನೆಲಕ್ಕೆ ಕಂಬಳಿ ಹಾಸಿ ಮಲಗಿ ಆಕಾಶ ನೋಡಿದೆವು. ಚಿಕ್ಕಂದಿನಲ್ಲಿ ಅಂಗಳದಲ್ಲಿ ಮಲಗಿದಾಗ ಇಷ್ಟು ನಕ್ಷತ್ರ ಕಾಣುತ್ತಿತ್ತು ಅಂತ ಅಪ್ಪ ಹೇಳಿದರು. ಅಮಾವಾಸ್ಯೆ ಹತ್ತಿರದ ದಿನ ಸಿಕ್ಕರೆ ಇದಕ್ಕೆ ಒಂದು ಡಾಲರೂ ಬೇಡ.

ಬುಕ್ ಮಾಡುವ ಕ್ರಮ ಹೇಳಿ ಮುಗಿಸುತ್ತೇನೆ. ಎಲ್ಲರೂ ಮೊದಲು ವಿಮಾನದ ಟಿಕೆಟ್ ತಗೊಂಡು ಆಮೇಲೆ ರೂಮ್ ಹುಡುಕುತ್ತಾರೆ. ಉಲುರುಗೆ ತಿರುಗಿಸಿ ಮಾಡಿ. ಲಾಂಗ್ ವೀಕೆಂಡ್‌ಗೆ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್‌ಗಳು ಮೊದಲು ಖಾಲಿಯಾಗುತ್ತವೆ. ಹಾಗಾಗಿ ಐದಾರು ತಿಂಗಳ ಮುಂಚೆಯೇ ರದ್ದು ಮಾಡಬಹುದಾದ ರೂಮ್ ಹಿಡಿದಿಟ್ಟುಕೊಳ್ಳಿ, ಆಮೇಲೆ ವಿಮಾನ, ಆಮೇಲೆ ಕಾರು. ಕಾರು ಸಿಗದಿದ್ದರೂ ಚಿಂತೆ ಇಲ್ಲ, ಯುಲಾರದಿಂದ ಬಂಡೆಗೂ ಕಾಟ ಜುಟಕ್ಕೂ ದುಡ್ಡು ಕೊಟ್ಟು ಹತ್ತುವ ಬಸ್ಸುಗಳಿವೆ. ಇಬ್ಬರಿದ್ದರೆ ಬಸ್ಸು, ನಾಲ್ವರಿದ್ದರೆ ಕಾರು ಅಗ್ಗ.